ತಾಯಿ-ಮಗು: ಹೆಜ್ಜೆ ತಡವಾದರೆ

ನೆರೆಮನೆಯ ಕೂಸು ವರುಷಕ್ಕೇ ಓಡಾಡುತ್ತದೆ, ನಮ್ಮದು ಇನ್ನೂ ಗೋಡೆ ಬಿಟ್ಟಿಲ್ಲ ಎಂಬ ಕೊರಗು ಎಷ್ಟೋ ತಾಯಂದಿರಿಗೆ ಉಂಟು. "ಅವನಪ್ಪನೂ ತಡವಾಗಿಯೇ ನಡೆದ" ಎಂದು ಊರಿನಿಂದ ಅಜ್ಜಿ ಸಮಾಧಾನ ಹೇಳುತ್ತಾರೆ. ಅದು ಸುಳ್ಳಲ್ಲ, ಕೆಲವು ಮನೆತನಗಳಲ್ಲಿ ಹಾಗಿರುವುದುಂಟು. ಆದರೆ ಕಾಯುವುದಕ್ಕೂ ಒಂದು ಗಡುವು ಬೇಕು.

ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೆಚ್ಚುಕಡಿಮೆ ಎಲ್ಲ ಮಕ್ಕಳೂ 8ರಿಂದ 18 ತಿಂಗಳೊಳಗೆ ಆಸರೆಯಿಲ್ಲದೆ ನಡೆಯುತ್ತವೆ. ಆದ್ದರಿಂದ 18 ತಿಂಗಳು ತುಂಬಿಯೂ ನಡೆಯದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು. ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಎಣಿಸಬೇಕು.

ಕೆಲವು ಲಕ್ಷಣಗಳಿಗೆ ಈ ಗಡುವೂ ಸಲ್ಲದು. 10 ತಿಂಗಳಾದರೂ ಕೂರದಿರುವುದು, ಒಂದೇ ಪಕ್ಕದ ಕೈಕಾಲು ಆಡಿಸುವುದು, ಮೈ ತೀರ ಬಿಗಿ ಅಥವಾ ತೀರ ಸಡಿಲವಾಗಿರುವುದು, ಕಲಿತದ್ದನ್ನು ಮರೆಯುವುದು: ಇವು ಕಂಡೊಡನೆ ಹೊರಡಿರಿ. ಸೊಂಟದ ಕೀಲು ತಪ್ಪಿರಬಹುದು, ಡಿ ಜೀವಸತ್ವ ಸಾಲದೆ ಎಲುಬು ಮೆತ್ತಗಾಗಿರಬಹುದು, ಸ್ನಾಯು ದುರ್ಬಲವಿರಬಹುದು. ಬೇಗ ಕಂಡುಹಿಡಿದಷ್ಟೂ ಚಿಕಿತ್ಸೆ ಸುಲಭ.

ಚಕ್ರದ ವಾಕರ್ ನಡೆಯಲು ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳುವ ಭಯವೇ ಹೆಚ್ಚು. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ಕೋಣೆ ಚಿಕ್ಕದಾದರೂ ಬರಿಗಾಲಿಗೆ ನಾಲ್ಕು ಮಾರು ನೆಲ ಸಾಕು.

ಮೊದಲು ಹತ್ತಿರದ ಮಕ್ಕಳ ವೈದ್ಯರನ್ನು ಕಾಣಿರಿ. ಪರೇಲಿನಲ್ಲಿ 1929ರಿಂದ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ, ನಗರಪಾಲಿಕೆಯ ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿಯೂ ಮಕ್ಕಳ ವಿಭಾಗಗಳಿವೆ. ಮರಾಠಿ, ಹಿಂದಿ ಬಾರದೆಂದು ಹಿಂಜರಿಯುವುದು ಬೇಡ. ಕತ್ತು ನಿಂತ, ಕೂತ, ಅಂಬೆಗಾಲಿಟ್ಟ ತಿಂಗಳುಗಳನ್ನು ಬರೆದುಕೊಂಡು, ಮಗು ಆಡುವುದನ್ನು ಫೋನಿನಲ್ಲಿ ಹಿಡಿದೊಯ್ದರೆ ಅರ್ಧ ಮಾತು ಮುಗಿದಂತೆ. "ಮೇ ರಜೆಗೆ ಊರಿಗೆ ಹೋಗಿಬಂದ ಮೇಲೆ ನೋಡೋಣ" ಎಂದು ಮಾತ್ರ ಮುಂದೂಡಬೇಡಿರಿ.