ಗುಳಿಗೆ ಬಿಡುವ ದಾರಿಯನ್ನು ಕನ್ನಡದಲ್ಲಿ ಹೇಳಿ!



ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಮನಸ್ಸು ಕುಗ್ಗಿತ್ತು. ಡಾಕ್ಟರು ಖಿನ್ನತೆಗೆ ಗುಳಿಗೆ ಬರೆದರು. ಎಂಟು ತಿಂಗಳಲ್ಲಿ ಚೇತರಿಸಿಕೊಂಡ. ಹಬ್ಬಕ್ಕೆ ಊರಿಗೆ ಹೋದವನು, 'ಈಗ ಚೆನ್ನಾಗಿದ್ದೇನಲ್ಲ' ಎಂದು ಗುಳಿಗೆ ನಿಲ್ಲಿಸಿಬಿಟ್ಟ. ಮೂರನೆಯ ದಿನ ಶುರುವಾಯಿತು: ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದ ಅನುಭವ, ನಿದ್ದೆಗೇಡು, ಸಿಡಿಮಿಡಿ. ಮನೆಯವರು 'ಗಾಳಿ ಸೋಕಿದೆ' ಎಂದರು. ಜೊತೆಗಾರರು 'ಗುಳಿಗೆಯ ಚಟ' ಎಂದರು.

ಎರಡೂ ಸುಳ್ಳು! ತಿಂಗಳುಗಟ್ಟಲೆ ಔಷಧಿಗೆ ಹೊಂದಿಕೊಂಡ ಮಿದುಳಿಗೆ ಅದು ದಿಢೀರನೆ ತಪ್ಪಿದಾಗ ಆಗುವ ಏರುಪೇರು ಇದು. ಪೆರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮೈಯಿಂದ ಬೇಗ ಹೊರಹೋಗುವುದರಿಂದ ಅವುಗಳ ಕಾಟ ಹೆಚ್ಚು; ನಿಧಾನವಾಗಿ ಹೋಗುವ ಫ್ಲುಯಾಕ್ಸೆಟಿನ್‌ನದು ಕಡಿಮೆ. ಎಲ್ಲರಿಗೂ ಹೀಗಾಗುವುದಿಲ್ಲ. 2024ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪ್ರಕಟಿಸಿದ ವಿಶ್ಲೇಷಣೆಯ ಅಂದಾಜಿನಂತೆ, ಗುಳಿಗೆ ಬಿಟ್ಟ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿ ನಿಂತದ್ದರಿಂದಲೇ ತೊಂದರೆ ಬರುತ್ತದೆ. ಹಲವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ; ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಇದನ್ನೇ ಹಳೆಯ ಕಾಯಿಲೆ ಮರುಕಳಿಸಿತೆಂದು ತಿಳಿದು ಧೈರ್ಯಗೆಡುವವರೂ ಉಂಟು.

ಹಾಗೆಂದು ಗುಳಿಗೆಯನ್ನೇ ಬೈಯಬೇಡಿ. ಅದು ಎಷ್ಟೋ ಜೀವ ಉಳಿಸಿದೆ. ಇದನ್ನು ಓದಿ ಇಂದೇ ಬಿಡಲೂ ಬೇಡಿ! ಡಾಕ್ಟರ ಸಲಹೆಯಂತೆ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ಬಿಡಬೇಕು.

ಇಷ್ಟು ಸರಳ ಮಾತನ್ನು ಆ ಹುಡುಗನಿಗೆ ಅವನ ನುಡಿಯಲ್ಲಿ ಹೇಳಿದವರು ಯಾರು? ಚೀಟಿ ಇಂಗ್ಲಿಷು, ಗುಳಿಗೆ ಪಟ್ಟಿಯ ಮೇಲಿನ ಎಚ್ಚರಿಕೆ ಇಂಗ್ಲಿಷು! 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಕಲಮು, ಚಿಕಿತ್ಸೆ ಮತ್ತು ಅದರ ಅಡ್ಡಪರಿಣಾಮಗಳ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆನ್ನುತ್ತದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ನಾಡಿನಲ್ಲಿ ಕನ್ನಡಿಗನಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲಾಗದೇ?

ಯುವಕರೇ, ಯುವತಿಯರೇ, ಕೇಳಲು ನಾಚಬೇಡಿ. ಡಾಕ್ಟರ ಮುಂದೆ ಮೂರು ಪ್ರಶ್ನೆ ಇಡಿ: ಎಷ್ಟು ದಿನ ತೆಗೆದುಕೊಳ್ಳಬೇಕು? ಬಿಡುವುದು ಹೇಗೆ? ಬಿಡುವಾಗ ಏನಾಗಬಹುದು? ಉತ್ತರ ಕನ್ನಡದಲ್ಲೇ ಬೇಕೆನ್ನಿ. ಈಗಾಗಲೇ ಬಿಟ್ಟು ಒದ್ದಾಡುತ್ತಿದ್ದರೆ ತಡಮಾಡದೆ ಡಾಕ್ಟರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಹತ್ತಿರದವರಿಗೆ ಹೇಳಿ. ಹಗಲು ರಾತ್ರಿ ಉಚಿತವಾಗಿ ದೊರೆಯುವ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಿ.

ನಾಮಫಲಕದಲ್ಲಿ ಕನ್ನಡ ಬೇಕು, ನಿಜ. ನೊಂದವನ ಕೈಯ ಔಷಧಿ ಚೀಟಿಯಲ್ಲಿ ಅದು ಇನ್ನೂ ತುರ್ತಾಗಿ ಬೇಕು!