ಮಡಿಲು ತುಂಬಲು ಕಡಲು ದಾಟಬೇಕೇ?

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಿದ್ದೀರಾ? ಅಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ಹಿಂದೆ ಮಗುವಿಗಾಗಿ ಹೊತ್ತ ಹರಕೆಯಿದೆ. ಘಾಟಿ ಸುಬ್ರಹ್ಮಣ್ಯದ ಕಥೆಯೂ ಅದೇ. ಚಿಕ್ಕಬಳ್ಳಾಪುರದ ಬೆಟ್ಟಕ್ಕೂ ಆ ಸ್ವಾಮಿಯದೇ ಹೆಸರು, ಸ್ಕಂದಗಿರಿ. ಹಳಬರಿಗೆ ಅದು ಕಳವಾರ ಬೆಟ್ಟ, ಈಗಿನವರಿಗೆ ಬೆಳಗಿನ ಮೋಡ ನೋಡುವ ತಾಣ. ಇರಲಿ. ಮಗುವಿಗಾಗಿ ಊರು ಬಿಟ್ಟು ಊರಿಗೆ ಹೋಗೋದು ನಮಗೆ ಹೊಸದೇನಲ್ಲ ಅಂತ ಹೇಳೋಕೆ ಇಷ್ಟು ಪೀಠಿಕೆ.

ಹೊಸದು ಅಂದ್ರೆ, ಈಗ ಈ ಪ್ರಯಾಣ ದೇಶಗಳನ್ನು ದಾಟಿದೆ. ಇದೇ ಹೆದ್ದಾರಿಯ ಪಕ್ಕದ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮ ಅನಿವಾಸಿ ಮಕ್ಕಳಲ್ಲಿ ಕೆಲವರು ಬರೋದು ಅಜ್ಜಿ ಮನೆ ನೋಡೋಕಷ್ಟೇ ಅಲ್ಲ, ಬೆಂಗಳೂರಿನ ಐವಿಎಫ್ ಆಸ್ಪತ್ರೆಗೂ ಹೌದು. ಇಲ್ಲಿಂದ ಹೊರದೇಶಕ್ಕೆ ಹೊರಡೋರೂ ಇದ್ದಾರೆ. ಯಾಕೆ? 'ಅಲ್ಲಿನ ಡಾಕ್ಟರು ಹೆಚ್ಚು ಬುದ್ಧಿವಂತರು' ಅನ್ನೋದು ನಾವು ಥಟ್ಟನೆ ಕೊಡುವ ಉತ್ತರ. ಆದರೆ ಅಸಲಿ ಕಾರಣಗಳು ಬಹುಮಟ್ಟಿಗೆ ಬೇರೆ. ದುಡ್ಡು, ಸರದಿ, ಕಾನೂನು ಮತ್ತು ಗುಟ್ಟು.

ದುಡ್ಡಿನ ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ಅಮೆರಿಕದಲ್ಲಿ ಒಂದು ಸಲದ ಐವಿಎಫ್‌ಗೆ ಔಷಧಿಯೂ ಸೇರಿ ಸುಮಾರು 15ರಿಂದ 20 ಸಾವಿರ ಡಾಲರ್, ಕೆಲವೆಡೆ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಸುಮಾರು ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ. ಇಬ್ಬರ ವಿಮಾನದ ಟಿಕೆಟ್ ಸೇರಿಸಿದರೂ ಉಳಿತಾಯವೇ! ಬ್ರಿಟನ್ನಿನಲ್ಲಿ ಸರ್ಕಾರವೇ ಚಿಕಿತ್ಸೆ ಕೊಡುತ್ತಲ್ಲ ಅಂತೀರಾ? ನಲವತ್ತರೊಳಗಿನ ಹೆಣ್ಣುಮಕ್ಕಳಿಗೆ ಮೂರು ಸಲ ಕೊಡಿ ಅನ್ನುತ್ತದೆ ಅಲ್ಲಿನ ಮಾರ್ಗಸೂಚಿ. ಎಷ್ಟು ಸಲ ಅಂತ ತೀರ್ಮಾನಿಸೋದು ಮಾತ್ರ ಆಯಾ ಪ್ರದೇಶದ ಆಡಳಿತ. ಹಲವೆಡೆ ಸಿಗೋದು ಒಂದೇ ಸಲ. ಗಂಡನಿಗೆ ಮೊದಲ ಮದುವೆಯ ಮಗುವಿದ್ದರೆ ಎಷ್ಟೋ ಕಡೆ ಅದೂ ಇಲ್ಲ. ಮೇಲೆ ಕಾಯುವ ಸರದಿ ಬೇರೆ. ಮೂವತ್ತೆಂಟರ ಹೆಣ್ಣಿಗೆ ಒಂದು ವರ್ಷ ಕಾಯೋದು ಅಂದ್ರೆ ಸಣ್ಣ ಮಾತಾ?

ಇನ್ನು ಕಾನೂನು. ಇದು ದೇಶಕ್ಕೊಂದು ಥರ. ಜರ್ಮನಿಯಲ್ಲಿ 1991ರಿಂದಲೂ ಇನ್ನೊಬ್ಬರ ಅಂಡಾಣು ಪಡೆಯುವಂತಿಲ್ಲ. ಹಾಗಾಗಿ ಅಲ್ಲಿನವರು ಸ್ಪೇನ್‌ಗೆ ಹೋಗುತ್ತಾರೆ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿದ ದಾನಿಯಾದರೆ, ಮಗು 18 ತುಂಬಿದ ಮೇಲೆ ಅವರ ಹೆಸರು ತಿಳಿದುಕೊಳ್ಳಬಹುದು. ಮಗುವಿನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ನಮ್ಮವರಲ್ಲಿ ಹಲವರಿಗೆ ಅದೇ ಭಯ. ಜೊತೆಗೆ ನಮ್ಮ ಮೈಬಣ್ಣ, ಮುಖಚಹರೆಗೆ ಹೊಂದುವ ದಾನಿಗಳು ಅಲ್ಲಿ ಸಿಗೋದೂ ಕಷ್ಟ. ಊರಿನ ನೆನಪಾಗೋದು ಆಗಲೇ.

ಆದರೆ ನಮ್ಮ ಊರೂ ಈಗ ಮೊದಲಿನ ಹಾಗಿಲ್ಲ. ಒಂದು ಕಾಲಕ್ಕೆ ಭಾರತ ಬಾಡಿಗೆ ತಾಯ್ತನದ ದೊಡ್ಡ ಸಂತೆಯಾಗಿತ್ತು. 2008ರಲ್ಲಿ ಜಪಾನಿ ದಂಪತಿಗಾಗಿ ಗುಜರಾತಿನ ಆನಂದದಲ್ಲಿ ಹುಟ್ಟಿದ ಮಂಜಿ ಎಂಬ ಕೂಸಿನ ಸುದ್ದಿ ನೆನಪಿದೆಯೇ? ಮಗು ಹುಟ್ಟುವಷ್ಟರಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಅಜ್ಜಿ ಬಂದು ಕೂಸನ್ನು ನೋಡಿಕೊಂಡರು. ಅದೇ ವರ್ಷ ಹುಟ್ಟಿದ ಜರ್ಮನ್ ದಂಪತಿಯ ಅವಳಿ ಮಕ್ಕಳು ಯಾವ ದೇಶದ ಪ್ರಜೆಗಳು ಅನ್ನೋದು ಬಗೆಹರಿಯದೆ, ಎರಡು ವರ್ಷವಾದ ಮೇಲೆ 2010ರಲ್ಲಿ ಇಲ್ಲಿಂದ ಹೊರಟವು. 2015ರಲ್ಲಿ ಸರ್ಕಾರ ವಿದೇಶಿಯರಿಗೆ ಈ ಬಾಗಿಲು ಮುಚ್ಚಿತು. 2022ರ ಜನವರಿಯಲ್ಲಿ ಎರಡು ಹೊಸ ಕಾಯ್ದೆಗಳು ಜಾರಿಗೆ ಬಂದವು. ಈಗ ಐವಿಎಫ್‌ಗೆ ಹೆಂಗಸಿನ ವಯಸ್ಸು 50, ಗಂಡಸಿನದು 55 ದಾಟುವಂತಿಲ್ಲ. ಅಂಡಾಣು ದಾನಿಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು, ಜೀವಮಾನದಲ್ಲಿ ಒಂದೇ ಸಲ, ಏಳೇ ಅಂಡಾಣು. ಬಡ ಹೆಣ್ಣುಮಕ್ಕಳ ದೇಹ ಸವೆಯದಿರಲಿ ಅಂತ ಮಾಡಿದ ನಿಯಮ, ಬೇಕಾಗಿದ್ದದ್ದೇ. ಆದರೆ ದಾನಿಗಳು ಕಡಿಮೆಯಾದಾಗ ಕಾಯುವವರ ಸಾಲು ಉದ್ದವಾಗದೇ ಇರುತ್ತದೆಯೇ? ಬಾಡಿಗೆ ತಾಯ್ತನ ಅನ್ನೋ ಮಾತೇ ಈಗ ತಪ್ಪು, ಬಾಡಿಗೆ ಕೊಡುವಂತಿಲ್ಲ. ಆಸ್ಪತ್ರೆ ಖರ್ಚು, ವಿಮೆ ಅಷ್ಟೇ. ವಿಧವೆ, ವಿಚ್ಛೇದಿತೆಗೆ 35ರಿಂದ 45ರೊಳಗೆ ಅವಕಾಶವುಂಟು. ಮದುವೆಯಾಗದ ಹೆಣ್ಣಿಗೆ ಐವಿಎಫ್ ಉಂಟು, ಈ ದಾರಿ ಇಲ್ಲ.

ಈ ಗೋಡೆಗೆ ತಲೆ ತಾಗಿದವರೇ ಇಲ್ಲಿಂದ ಹೊರದೇಶದ ಏಜೆಂಟರ ಕೈಗೆ ಸಿಗೋದು. ಅಂಥವರಿಗೆ ನನ್ನ ಮಾತು, ಸ್ವಲ್ಪ ತಾಳಿ. ಇಲ್ಲಿನ ಬಾಗಿಲು ನಿಜಕ್ಕೂ ಮುಚ್ಚಿದೆಯಾ ಅಂತ ಮೊದಲು ವಕೀಲರನ್ನು ಕೇಳಿ. ಬೆಳೆದ ಮಗನನ್ನು ಕಳೆದುಕೊಂಡ, ವಯಸ್ಸಿನ ಮಿತಿ ಮೀರಿದ ಗಂಡನಿದ್ದ ದಂಪತಿಯ ಮನವಿಯನ್ನು ನಮ್ಮ ಹೈಕೋರ್ಟು 2023ರಲ್ಲಿ ತಳ್ಳಿಹಾಕದೆ ಪರಿಶೀಲಿಸಿ ಎಂದಿತ್ತು. ಕಾಯ್ದೆಗೆ ಮುಂಚೆಯೇ ಭ್ರೂಣ ಕಾಪಿಟ್ಟು ಪ್ರಕ್ರಿಯೆ ಶುರು ಮಾಡಿದ್ದ ದಂಪತಿಗಳಿಗೆ ಬಾಡಿಗೆ ತಾಯ್ತನದ ವಯಸ್ಸಿನ ಮಿತಿ ಅನ್ವಯಿಸದು ಅಂತ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹೊರದೇಶದಲ್ಲಿ ಮಗು ಹುಟ್ಟಿದ ಮೇಲೆ ಪಾಸ್‌ಪೋರ್ಟ್ ಯಾರು ಕೊಡುತ್ತಾರೆ ಅಂತ ಏಜೆಂಟ್ ಬಾಯಲ್ಲಿ ಹೇಳಿದರೆ ಸಾಲದು. 2020ರ ಲಾಕ್‌ಡೌನ್‌ನಲ್ಲಿ ಉಕ್ರೇನಿನ ಕೀವ್ ನಗರದ ಹೋಟೆಲೊಂದರಲ್ಲಿ ಹತ್ತಾರು ಹಸುಗೂಸುಗಳು ತೊಟ್ಟಿಲಲ್ಲಿ ಸಾಲಾಗಿ ಮಲಗಿದ್ದವು, ಅಪ್ಪ ಅಮ್ಮ ಬರೋಕೆ ವಿಮಾನವೇ ಇರಲಿಲ್ಲ.

ಗಂಡು ಮಗುವೇ ಬೇಕು ಅಂತ ಹೊರದೇಶ ಹುಡುಕೋರ ಬಗ್ಗೆ ಎರಡೇ ಮಾತು. ಲಿಂಗ ಆಯ್ಕೆ ಇಲ್ಲಿ ಅಪರಾಧ, ಅಮೆರಿಕದಲ್ಲಿ ಅದಕ್ಕೆ ತಡೆಯಿಲ್ಲ. ಆ ಟಿಕೆಟ್ಟಿಗೆ ಈ ಅಂಕಣದಿಂದ ಸಲಹೆ ಸಿಗದು.

ಕೊನೆಯ ಕಾರಣ ಗುಟ್ಟು. ನನಗೆ ಹೆಚ್ಚು ಕಾಡೋದು ಇದೇ. 'ಅತ್ತೆಗೆ ಗೊತ್ತಾಗಬಾರದು, ಓರಗಿತ್ತಿಗೆ ಗೊತ್ತಾಗಬಾರದು' ಅಂತ ದೂರ ಹೋಗುವವರು ಶಿಡ್ಲಘಟ್ಟ, ಚಿಂತಾಮಣಿಯಲ್ಲೂ ಇದ್ದಾರೆ, ಲಂಡನ್ನಿನಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಪ್ರತಿ ಆರು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸಮಸ್ಯೆ ಎದುರಾಗುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಹೀಗಿದ್ದೂ ಲಕ್ಷಗಟ್ಟಲೆ ಖರ್ಚಾದ ಮೇಲೆ, ತೀರಾ ಅಗ್ಗದ ವೀರ್ಯ ಪರೀಕ್ಷೆಗೆ ಯಜಮಾನರು ಒಪ್ಪುವ ಮನೆಗಳಿವೆ! ವಿಮಾನ ಹತ್ತೋ ಮೊದಲು ಅದೊಂದು ಆಗಲಿ.

ನಿಮ್ಮ ಮಗಳೋ ತಂಗಿಯೋ ಚಿಕಿತ್ಸೆಗೆ ಅಂತ ಊರಿಗೆ ಬರ್ತಿದ್ದಾಳಾ? ಮೂರು ವಾರದ ರಜೆಯಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಳ್ಳಬೇಡಿ. ಇಂಜೆಕ್ಷನ್ನೇ ಹತ್ತು ಹನ್ನೆರಡು ದಿನ. ಭ್ರೂಣವನ್ನು ಶೈತ್ಯದಲ್ಲಿಟ್ಟು ಆಮೇಲೆ ಹಾಕೋಣ ಅಂದರೆ ಎರಡನೇ ಪ್ರಯಾಣ ಬೇಕಾಗುತ್ತದೆ. ಇಟ್ಟ ಭ್ರೂಣವನ್ನು ಬೇಕೆಂದಾಗ ಅಲ್ಲಿಗೆ ತರಿಸಿಕೊಳ್ಳುವಂತಿಲ್ಲ, ಸ್ವಂತದ್ದೇ ಆದರೂ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. 'ಇಷ್ಟು ದೂರದಿಂದ ಬಂದಿದ್ದೀವಿ, ಮೂರು ಭ್ರೂಣ ಹಾಕಿಬಿಡಿ' ಅಂತ ಒತ್ತಾಯಿಸಬೇಡಿ. ಸಾಮಾನ್ಯವಾಗಿ ಒಂದೇ ಅನ್ನುತ್ತದೆ ನಿಯಮ. ಅವಳಿ ತ್ರಿವಳಿ ಅಂದ್ರೆ ಕೇಳೋಕೆ ಸಂಭ್ರಮ, ದಿನ ತುಂಬುವ ಮುನ್ನ ಹೆರಿಗೆಯಾದರೆ ಕಷ್ಟ ತಾಯಿಗೂ ಕೂಸುಗಳಿಗೂ. ಆಸ್ಪತ್ರೆ ಎಷ್ಟು ಯಶಸ್ಸು ಅಂತ ಹೇಳಿದರೂ ಅದು ಯಾವ ವಯಸ್ಸಿನವರ ಲೆಕ್ಕ ಅಂತ ಕೇಳಿ. ಸ್ವಂತ ಅಂಡಾಣುವಿನಿಂದ ಹಾಕಿದ ಭ್ರೂಣವೊಂದಕ್ಕೆ ಮಗು ಹುಟ್ಟುವ ಸಾಧ್ಯತೆ, ಬ್ರಿಟನ್ನಿನ ಅಂಕಿಅಂಶದ ಪ್ರಕಾರ, 35ರೊಳಗಿನವರಲ್ಲಿ ಸುಮಾರು ಮೂರಕ್ಕೆ ಒಂದು. 43 ದಾಟಿದರೆ ನೂರಕ್ಕೆ ಐದರ ಆಸುಪಾಸು.

ಹಿಂದಿರುಗುವಾಗ ಅವಳ ಬ್ಯಾಗಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗೆ ಆಸ್ಪತ್ರೆಯ ಪೂರ್ತಿ ಕಾಗದಪತ್ರವೂ ಇರಲಿ. ಯಾವ ಇಂಜೆಕ್ಷನ್, ಎಷ್ಟು ಪ್ರಮಾಣ, ಎಷ್ಟು ಭ್ರೂಣ, ಯಾವ ದಿನ ಎಲ್ಲವೂ ಬರೆದಿರಬೇಕು. ಇಂಜೆಕ್ಷನ್ನಿನ ಪ್ರಭಾವ ಅತಿಯಾಗಿ ಕೆಲವರಿಗೆ ಹೊಟ್ಟೆ ಉಬ್ಬಿ ಉಸಿರು ಕಟ್ಟುವುದುಂಟು. ಹಾಗಾಗಿ ನಡುರಾತ್ರಿ ಅಲ್ಲಿನ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಡಾಕ್ಟರು ಮೊದಲು ಕೇಳೋದು ಆ ಕಾಗದವನ್ನೇ.