ಒತ್ತುವವರ ಕಣ್ಣಿಗೆ ಬೀಳದ ಕಿಟಕಿ

ಊರು ದಾಟಿ ಹೆದ್ದಾರಿಗೆ ಬಂದ ಕೂಡಲೇ ಕಾರು ಓಡಿಸುವವರು ಹೇಳುವ ಮಾತೊಂದಿದೆ: ‘ಎ.ಸಿ. ಹಾಕ್ತೀನಿ, ಗ್ಲಾಸ್ ಏರಿಸ್ಕೊಳ್ಳಿ’. ಹಿಂದೆ ಕೂತವರು ಏರಿಸಿಕೊಳ್ಳುವಷ್ಟು ಹೊತ್ತೂ ಕಾಯದೆ, ತಮ್ಮ ಬಾಗಿಲಲ್ಲಿರುವ ನಾಲ್ಕೂ ಸ್ವಿಚ್‌ಗಳನ್ನು ತಾವೇ ಎಳೆದುಬಿಡುತ್ತಾರೆ. ಕಣ್ಣು ರಸ್ತೆಯ ಮೇಲಿರುತ್ತದೆ, ಇರಲೇಬೇಕು. ಹಿಂದಿನ ಸೀಟಿನ ಮೇಲೆ ನಿಂತು ಗಾಜಿನ ಅಂಚು ಹಿಡಿದುಕೊಂಡ ಮಗುವಿನ ಬೆರಳು ಆಗ ಎಲ್ಲಿರುತ್ತದೋ ಅವರಿಗೆ ಗೊತ್ತಾಗುವುದಿಲ್ಲ.

ಹ್ಯಾಂಡಲ್ ತಿರುಗಿಸಿ ಗಾಜು ಏರಿಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗಾಜಿಗೆ ಏನಾದರೂ ಅಡ್ಡ ಸಿಕ್ಕರೆ ಹ್ಯಾಂಡಲ್ ಬಿಗಿಯಾಗುತ್ತಿತ್ತು, ಕೈ ತಾನಾಗಿ ನಿಲ್ಲುತ್ತಿತ್ತು. ಮೋಟರ್ ಬಂದ ಮೇಲೆ ಶ್ರಮ ಹೋಯಿತು, ಅದರೊಂದಿಗೆ ಆ ಅರಿವೂ ಹೋಯಿತು. ಸ್ವಿಚ್ ಹಿಡಿದ ಬೆರಳಿಗೆ ಗಾಜು ರಬ್ಬರಿಗೆ ತಾಗಿತೋ ಕುತ್ತಿಗೆಗೆ ತಾಗಿತೋ ಒಂದೇ.

ಸ್ವಿಚ್‌ನ ಆಕಾರದ ಮಟ್ಟಿಗೆ ಅಮೆರಿಕದ ಕಥೆ ಬೋಧಪ್ರದ. ಅಲ್ಲಿ 1971ರಿಂದಲೇ ಪವರ್ ವಿಂಡೋಗೆ ಸುರಕ್ಷತಾ ಮಾನದಂಡವಿತ್ತು. ಇಗ್ನಿಷನ್ ಆಫ್ ಆಗಿದ್ದರೆ ಕಿಟಕಿ ಮುಚ್ಚಬಾರದು ಎಂಬುದು ಅದರ ತಿರುಳು. ಕೀ ಹಾಕಿದೆ ಎಂದರೆ ದೊಡ್ಡವರು ಯಾರೋ ಜೊತೆಗಿದ್ದಾರೆ ಎಂಬ ಲೆಕ್ಕ. ಆದರೆ ಅಲ್ಲಿನ ಅನೇಕ ಕಾರುಗಳಲ್ಲಿ ಕೈಯೂರುವ ಜಾಗದಲ್ಲೇ, ಏತದ ಹಲಗೆಯಂತೆ ಎರಡೂ ತುದಿ ಒತ್ತಬಹುದಾದ ಸ್ವಿಚ್‌ಗಳಿದ್ದವು. ಎಂಜಿನ್ ಚಾಲೂ ಇಟ್ಟು ದೊಡ್ಡವರು ಕೆಳಗಿಳಿದಿರುತ್ತಾರೆ, ಮಗು ಕಿಟಕಿಯಿಂದ ತಲೆ ಹೊರಹಾಕಲು ಬಾಗಿಲಿಗೆ ಮಂಡಿಯೂರುತ್ತದೆ, ಮಂಡಿ ಸ್ವಿಚ್‌ನ ತುದಿಯನ್ನು ಅದುಮುತ್ತದೆ, ಗಾಜು ಮೇಲೇರುತ್ತದೆ. ತನ್ನ ಭಾರಕ್ಕೆ ತಾನೇ ಸಿಕ್ಕಿಕೊಂಡ ಮಗು ಒದ್ದಾಡಿದಷ್ಟೂ ಒತ್ತಡ ಹೆಚ್ಚುತ್ತದೆ. ಹೀಗೆ ಮಕ್ಕಳು ಸತ್ತರು.

2004ರಲ್ಲಿ ಹೊಸ ನಿಯಮ ಬಂತು. ಮಗುವಿನ ಮಂಡಿಯ ಬದಲಿಗೆ 40 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಸ್ವಿಚ್ ಮೇಲೆ 135 ನ್ಯೂಟನ್‌ವರೆಗಿನ ಬಲದಿಂದ ಒತ್ತಿದರೂ ಕಿಟಕಿ ಮುಚ್ಚಕೂಡದು ಎಂದಾಯಿತು. ಮರುವರ್ಷ ಅಲ್ಲಿನ ಸಂಸತ್ತು ಇನ್ನೂ ಸರಳವಾದ ದಾರಿ ಹಿಡಿಯಿತು: ಸ್ವಿಚ್ ಅನ್ನು ಮೇಲಕ್ಕೆ ಅಥವಾ ಹೊರಕ್ಕೆ ಎಳೆದರೆ ಮಾತ್ರ ಗಾಜು ಏರಬೇಕು. 2010ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಮಂಡಿ, ಮೊಣಕೈ, ಪಾದ ಒತ್ತಬಲ್ಲವು, ಎಳೆಯಲಾರವು. ಸೆನ್ಸರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಪ್ಲಾಸ್ಟಿಕ್ ತುಂಡೊಂದರ ಆಕಾರ ಬದಲಾಯಿತು, ಅಷ್ಟೇ.

ಇಂದು ನಮ್ಮ ಹೊಸ ಕಾರುಗಳಲ್ಲೂ ಹೆಚ್ಚಾಗಿ ಕಾಣುವುದು ಈ ಎಳೆಯುವ ಸ್ವಿಚ್‌ಗಳೇ. ಹಳೆಯ ಬೇಸ್ ಮಾಡೆಲ್ ಕೊಂಡು ಆಮೇಲೆ ಅಕ್ಸೆಸರೀಸ್ ಅಂಗಡಿಯಲ್ಲಿ ಪವರ್ ವಿಂಡೋ ಹಾಕಿಸಿಕೊಂಡವರು ಮಾತ್ರ ತಮ್ಮ ಸ್ವಿಚ್ ಯಾವ ಬಗೆಯದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸ್ವಿಚ್‌ನ ಒಳಗಿನ ವಿಚಾರವೇ ಬೇರೆ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೋಂಡಾ ಜಾಝ್ ಕಾರಿಗೆ ಬೆಂಕಿ ಬಿದ್ದು ಮಗುವೊಂದು ಸತ್ತಿತು. ಕಿಟಕಿ ಸ್ವಿಚ್‌ಗೆ ನೀರು ಇಳಿದು ಶಾರ್ಟ್ ಸರ್ಕ್ಯೂಟ್ ಆಗಬಹುದೆಂದು ಕಂಪನಿ 2010ರ ಆರಂಭದಲ್ಲಿ ಜಗತ್ತಿನಾದ್ಯಂತ ಸುಮಾರು 6.46 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಭಾರತದ 8,532 ಸಿಟಿ ಕಾರುಗಳೂ ಅದರಲ್ಲಿದ್ದವು. 2012ರಲ್ಲಿ ಟೊಯೊಟಾ ಸುಮಾರು 74 ಲಕ್ಷ ಕಾರುಗಳನ್ನು ಕರೆಸಿದ್ದು ಚಾಲಕರ ಬಾಗಿಲಿನ ಸ್ವಿಚ್‌ಗೆ ಗ್ರೀಸ್ ಸಮನಾಗಿ ಹಚ್ಚಿರಲಿಲ್ಲ ಎಂಬ ಕಾರಣಕ್ಕೆ. ಇಷ್ಟು ಚಿಕ್ಕ ಬಿಡಿಭಾಗಕ್ಕೆ ಇಷ್ಟು ದೊಡ್ಡ ಬೆಲೆ!

ಆದರೆ ಎಳೆಯುವ ಸ್ವಿಚ್ ತಡೆಯುವುದು ಮಗು ತಾನೇ ಒತ್ತಿಕೊಳ್ಳುವ ಅಪಾಯವನ್ನು ಮಾತ್ರ. ಮುಂದಿನ ಸೀಟಿನಿಂದ ಇನ್ನೊಬ್ಬರು ಎಳೆದರೆ? ಅದಕ್ಕಿರುವ ಉತ್ತರ ಆಂಟಿ-ಪಿಂಚ್. ಮೋಟರ್‌ನ ತಿರುಗುವ ವೇಗ ಇಳಿದದ್ದನ್ನೋ ಕರೆಂಟ್ ಏರಿದ್ದನ್ನೋ ಗುರುತಿಸಿ ಗಾಜನ್ನು ಕೆಳಗಿಳಿಸುವ ವ್ಯವಸ್ಥೆ ಇದು. ಹ್ಯಾಂಡಲ್ ಹಿಡಿದ ಕೈಗಿದ್ದ ಅರಿವನ್ನು ಮೋಟರ್‌ಗೆ ಕೊಟ್ಟಂತೆ. ತಾನೇ ಹಿಂದೆ ಸರಿಯುವ ಕಿಟಕಿಗೆ ಅಂತರರಾಷ್ಟ್ರೀಯ ನಿಯಮಗಳು ಹಾಕಿರುವ ಮಿತಿ 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೊ ಭಾರ. ಅದನ್ನು ಮೀರುವ ಮೊದಲೇ ಗಾಜು ಹಿಂದೆ ಸರಿಯಬೇಕು.

ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳ ಬ್ರೋಶರ್ ತೆರೆದು ನೋಡಿ: ಆಂಟಿ-ಪಿಂಚ್ ಇರುವುದು ಚಾಲಕರ ಕಿಟಕಿಗೆ ಮಾತ್ರ. ಒಮ್ಮೆ ಎಳೆದು ಬಿಟ್ಟರೆ ಪೂರ್ತಿ ಏರುವ ಸೌಲಭ್ಯವೂ ಅದೇ ಕಿಟಕಿಗೆ ಇರುವುದರಿಂದ ಅದರ ಜೊತೆಗೆ ಇದು ಬಂದಿದೆ. ಬೆರಳು ಹಿಡಿದೇ ಇರಬೇಕಾದ ಉಳಿದ ಕಿಟಕಿಗಳಿಗೆ ಬೇಡವೇಕೆ? ಹಿಡಿದವರು ನೋಡುತ್ತಿರುತ್ತಾರೆ, ಬೇಕಾದಾಗ ಬಿಡುತ್ತಾರೆ ಎಂಬ ಊಹೆ. ವಾಸ್ತವ ಇದಕ್ಕೆ ತದ್ವಿರುದ್ಧ. ಚಾಲಕರು ಕಣ್ಣೆದುರೇ ಇಟ್ಟುಕೊಂಡಿರುವ ಕಿಟಕಿ ತಮ್ಮದೊಂದೇ. ಅದಕ್ಕೆ ಸಿಕ್ಕಿಕೊಳ್ಳಬಹುದಾದದ್ದು ತಮ್ಮದೇ ಕೈ. ಕಾಣದ ಕಿಟಕಿಗಳ ಪಕ್ಕ ಕೂತವರು ಮಕ್ಕಳು. ಅಮೆರಿಕವೂ ಇಲ್ಲಿ ಎಡವಿದೆ. ಎಲ್ಲ ಕಿಟಕಿಗಳಿಗೂ ಇದನ್ನು ಕಡ್ಡಾಯ ಮಾಡುವ ವಿಚಾರ ಅಲ್ಲಿ ಚರ್ಚೆಗೆ ಬಂದು, 2011ರಲ್ಲಿ ಬಿದ್ದುಹೋಯಿತು.

ಕಂಪನಿಗಳು ವಿಂಡೋ ಲಾಕ್ ಗುಂಡಿಯನ್ನು ತೋರಿಸುತ್ತವೆ. ಅದನ್ನು ಒತ್ತಿದರೆ ಹಿಂದಿನ ಬಾಗಿಲುಗಳ ಸ್ವಿಚ್ ಕೆಲಸ ಮಾಡುವುದಿಲ್ಲ, ನಿಜ. ಚಾಲಕರ ಕೈಯಲ್ಲಿರುವ ಸ್ವಿಚ್ ಮಾತ್ರ ಎಷ್ಟೋ ಕಾರುಗಳಲ್ಲಿ ಆಗಲೂ ಹಿಂದಿನ ಗಾಜನ್ನು ಏರಿಸುತ್ತದೆ. ಇನ್ನು ಆಂಟಿ-ಪಿಂಚ್ ಇರುವ ಕಾರುಗಳಲ್ಲೂ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕಾಗುವುದುಂಟು. ಗ್ಯಾರೇಜಿನಲ್ಲಿ ಅದನ್ನು ಕೇಳುವ ಮಾಲೀಕರು ಅಪರೂಪ.

2023ರ ಅಕ್ಟೋಬರ್‌ನಿಂದ ನಮ್ಮ ಕ್ರ್ಯಾಶ್ ಟೆಸ್ಟ್ ವ್ಯವಸ್ಥೆ ಭಾರತ್ ಎನ್‌ಸಿಎಪಿ ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುತ್ತಿದೆ. ಮಕ್ಕಳ ಸುರಕ್ಷತೆಗೆಂದೇ ಅದರಲ್ಲಿ ಪ್ರತ್ಯೇಕ ಅಂಕಗಳಿವೆ. ಆದರೆ ಆ ಅಂಕಗಳಲ್ಲಿ ಹಿಂದಿನ ಕಿಟಕಿಯ ಆಂಟಿ-ಪಿಂಚ್‌ಗೆ ಪಾಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ ಕಡ್ಡಾಯ ನಿಯಮಕ್ಕೆ ಕಾಲ ತೆಗೆದುಕೊಳ್ಳಲಿ. ಹಿಂದಿನ ಎರಡು ಕಿಟಕಿಗಳಿಗೂ ಆ ವ್ಯವಸ್ಥೆ ಕೊಟ್ಟ ಕಾರಿಗೆ ಒಂದಿಷ್ಟು ಅಂಕ ಸೇರಿಸಲು ಅಷ್ಟು ಕಾಯಬೇಕಿಲ್ಲ. ನಕ್ಷತ್ರಕ್ಕಾಗಿ ಆರು ಏರ್‌ಬ್ಯಾಗ್ ಕೊಡಲು ಮುಂದಾದ ಕಂಪನಿಗಳು ಇದನ್ನೂ ಕೊಟ್ಟಾವು.